ತೆಗೆದಿಡುವ ಟೋಬಾರ್: ಬಾಲ್ ಕಚ್ಚದಿದ್ದರೆ, ಟ್ರೇಲರ್ ದೀಪ ಕೈಕೊಟ್ಟರೆ

ಉದ್ದ ಡಿಕ್ಕಿಯ ಎಸ್ಟೇಟ್ ಕಾರಿಗೆ ತೆಗೆದಿಡುವ ಟೋಬಾರ್ (ಟ್ರೇಲರ್ ಎಳೆಯಲು ಕಾರಿನ ಹಿಂದೆ ಹಾಕುವ ಕಂಬಿ, ತುದಿಯಲ್ಲಿ ಬಾಲ್ ಅನ್ನುವ ಉಕ್ಕಿನ ಗುಂಡು, ಬೇಡದಾಗ ಬಿಚ್ಚಿಡಬಹುದು) ಹಾಕಿಸಿಕೊಂಡವರು ಹೆಚ್ಚಾಗಿ ಎರಡು ದೂರು ಹೇಳುತ್ತಾರೆ. ಒಂದು, ಬಾಲ್ ಸರಿಯಾಗಿ ಕೂರುತ್ತಿಲ್ಲ. ಇನ್ನೊಂದು, ಟ್ರೇಲರ್ ದೀಪಗಳು ಏನೇನೋ ಆಡುತ್ತಿವೆ. ಇಲ್ಲಿ ಬ್ರಿಟನ್ನಿನಲ್ಲಿ ಬೇಸಿಗೆ ರಜೆ ಹತ್ತಿರ ಬಂದಾಗ ಈ ದೂರುಗಳು ಜಾಸ್ತಿ. ಚಳಿಗಾಲವೆಲ್ಲ ಡಿಕ್ಕಿಯಲ್ಲಿ ಬಿದ್ದಿದ್ದ ಬಾಲನ್ನು ವೇಲ್ಸ್‌ಗೋ ಕಾರ್ನ್‌ವಾಲ್‌ಗೋ ಹೊರಡುವ ಹಿಂದಿನ ರಾತ್ರಿ ಹೊರಗೆ ತೆಗೆಯುತ್ತಾರೆ. ತೊಂದರೆ ಗೊತ್ತಾಗುವುದು ಆಗಲೇ. ಅಂಥ ಹೊತ್ತಿನಲ್ಲಿ ಕೈಗೆ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಟೋಬಾರ್ ಇನ್ನೂ ಕೊಳ್ಳದವರೂ ಓದಿ, ಯಾಕೆಂದರೆ ಎಷ್ಟೋ ತೊಂದರೆಗಳು ಕೊಳ್ಳುವಾಗಲೇ ಜೊತೆಗೆ ಬಂದಿರುತ್ತವೆ.

ಮೊದಲೇ ಒಂದು ಮಾತು. ಟೋಬಾರ್‌ನ ಯಾವ ಭಾಗವನ್ನೇ ಪರೀಕ್ಷೆ ಮಾಡಿ, ಹೊರೆ ಕೊಟ್ಟು ಮಾಡಿ. ಮುಟ್ಟದೆ ನೋಡಿದರೆ ಬಾಲ್ ಗಟ್ಟಿಯಾಗಿ ಕೂತ ಹಾಗೇ ಕಾಣುತ್ತದೆ. ಏನೂ ಉರಿಯದಿದ್ದಾಗ ವಯರಿನಲ್ಲಿ 12 ವೋಲ್ಟ್ ಇದ್ದೇ ಇರುತ್ತದೆ. ಹೊರೆ ಬಿದ್ದಾಗಲೇ ನಿಜ ಸಂಗತಿ ಹೊರಗೆ ಬರುವುದು.

ಬಾಲ್ ಕೂರುತ್ತಿಲ್ಲ, ಬೀಗ ಬೀಳುತ್ತಿಲ್ಲ

ತುಂಬಾ ಕಾರುಗಳಲ್ಲಿ ಇರುವುದು ತಿರುಗುವ ಹಿಡಿ ಇರುವ ಬಗೆ. ಹಂಸದ ಕತ್ತಿನಂತೆ ಬಾಗಿದ ಉಕ್ಕಿನ ಕಂಬಿ, ತುದಿಯಲ್ಲಿ 50 ಮಿ.ಮೀ. ಬಾಲ್, ಪಕ್ಕದಲ್ಲಿ ಒಂದು ದುಂಡು ಹಿಡಿ, ಅದರಲ್ಲೇ ಬೀಗ. ಬಂಪರಿನ ಕೆಳಗೆ ಇರುವ ಕೊಳವೆಯೊಳಗೆ ಕಂಬಿಯನ್ನು ತಳ್ಳಿದರೆ ಒಳಗಿನ ಉಕ್ಕಿನ ಗೋಲಿಗಳು ಹೊರಗೆ ಚಾಚಿ ಕಚ್ಚಿಕೊಳ್ಳುತ್ತವೆ.

ಒಳಗೆ ಹೋಗುತ್ತಲೇ ಇಲ್ಲ ಅಂದರೆ ಮೊದಲು ಹಿಡಿಯನ್ನು ನೋಡಿ. ಕಂಬಿ ಡಿಕ್ಕಿಯಲ್ಲಿ ಉರುಳಾಡುವಾಗ ಅದರ ಗುಂಡಿಗೆ ಏನಾದರೂ ತಾಗಿದರೆ ಸ್ಪ್ರಿಂಗ್ ಬಿಟ್ಟುಕೊಂಡು ಗೋಲಿಗಳು ಆಗಲೇ ಹೊರಗೆ ಬಂದಿರುತ್ತವೆ. ಆ ಸ್ಥಿತಿಯಲ್ಲಿ ಎಷ್ಟು ಗುದ್ದಿದರೂ ಅದು ಕೊಳವೆಯೊಳಗೆ ಹೋಗುವುದಿಲ್ಲ. ಸುತ್ತಿಗೆ ತರಬೇಡಿ. ಬೀಗ ತೆರೆದು, ಹಿಡಿಯನ್ನು ಎಳೆದು, ಅದು ನಿಲ್ಲುವ ತನಕ ತಿರುಗಿಸಿ ಬಿಡಿ. ಈಗ ಹಿಡಿಗೂ ಕಂಬಿಗೂ ನಡುವೆ ಸುಮಾರು 5 ಮಿ.ಮೀ. ಸಂದು ಕಾಣಬೇಕು, ಕೆಂಪು ಗುರುತು ಎದುರಿಗೆ ಬಂದಿರಬೇಕು. ಸ್ಪ್ರಿಂಗ್ ಬಿಗಿದಿದೆ, ಸಿಕ್ಕಿಸಲು ತಯಾರು ಅಂತ ಇದರ ಅರ್ಥ. ಕೊಳವೆಗೆ ತಳ್ಳುವಾಗ ಹಿಡಿಯ ಮೇಲೆ ಕೈ ಇಡಬೇಡಿ. ಕಚ್ಚಿಕೊಂಡ ಕ್ಷಣ ಅದು ತಾನಾಗಿ ಜೋರಾಗಿ ತಿರುಗುತ್ತದೆ, ಬೆರಳು ಸಿಕ್ಕಿದರೆ ಸುಲಭಕ್ಕೆ ಬಿಡುವುದಿಲ್ಲ.

ಒಳಗೆ ಹೋಯಿತು, ಟಕ್ ಅಂದಿತು, ಆದರೆ ಬೀಗದ ಕೈ ಹೊರಗೆ ಬರುತ್ತಿಲ್ಲ. ಇದು ತುಂಬಾ ಜನರನ್ನು ದಾರಿ ತಪ್ಪಿಸುವ ಲಕ್ಷಣ. ಬೀಗ ಕೆಟ್ಟಿದೆ ಅಂದುಕೊಂಡು ಕೀಯನ್ನು ಅದರಲ್ಲೇ ಬಿಟ್ಟು ಹೊರಡುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಕಂಬಿ ಪೂರ್ತಿ ಕಚ್ಚಿಕೊಂಡು ಬೀಗ ತಿರುಗಿದರೆ ಮಾತ್ರ ಕೀ ಹೊರಗೆ ಬರುವ ಹಾಗೆ ಅದನ್ನು ಮಾಡಿರುತ್ತಾರೆ. ಕೀ ಬರುತ್ತಿಲ್ಲ ಅಂದರೆ ಬಾಲ್ ಪೂರ್ತಿ ಕೂತಿಲ್ಲ ಅಂತಲೇ ತಿಳಿಯಿರಿ.

ಕಾರಣ ಹೆಚ್ಚಾಗಿ ಕೊಳೆ. ಇಲ್ಲಿ ಚಳಿಗಾಲದಲ್ಲಿ ಹಿಮಕ್ಕೆ ಅಂತ ರಸ್ತೆಗೆ ಉಪ್ಪು ಎರಚುತ್ತಾರೆ. ಕೊಳವೆಯ ಬಾಯಿಗೆ ಹಾಕುವ ಪ್ಲಾಸ್ಟಿಕ್ ಮುಚ್ಚಳ ಎಲ್ಲೋ ಕಳೆದುಹೋಗಿರುತ್ತದೆ. ಉಪ್ಪುನೀರು, ಮಣ್ಣು, ಹಳೆ ಗ್ರೀಸ್ ಸೇರಿ ಒಳಗೋಡೆಗೆ ಗಟ್ಟಿ ಪದರ ಕಟ್ಟುತ್ತದೆ. ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿ. ಗೋಲಿ ಕೂರುವ ಗುಳಿಗಳು ಹೊಳೆಯುವಂತೆ ಚೊಕ್ಕಟವಾಗಿರಬೇಕು. ಬಟ್ಟೆ, ಸಣ್ಣ ಬ್ರಷ್, ಸ್ವಲ್ಪ ಡೀಗ್ರೀಸರ್ ಸಾಕು. ಉಪ್ಪುಕಾಗದ ಹಾಕಿ ಉಜ್ಜಬೇಡಿ, ಅಳತೆ ಹಾಳಾಗುತ್ತದೆ. ಆಮೇಲೆ ಗೋಲಿಗಳಿಗೂ ಕೀಲುಗಳಿಗೂ ಅಂಟುಗಟ್ಟದ ತೆಳು ಗ್ರೀಸ್ ಅಥವಾ ಎಣ್ಣೆ, ಬೀಗಕ್ಕೆ ಮಾತ್ರ ಗ್ರಾಫೈಟ್ ಪುಡಿ. ಕಾರನ್ನು ಜೋರು ನೀರಿನಲ್ಲಿ ತೊಳೆಸುವಾಗ ಬಾಲ್ ತೆಗೆದು ಮುಚ್ಚಳ ಹಾಕಿರಬೇಕು.

ಕೊನೆಯ ಪರೀಕ್ಷೆ ಹೀಗೆ. ಹಿಡಿಯ ಹಸಿರು ಗುರುತು ಕಂಬಿಯ ಹಸಿರು ಗುರುತಿಗೆ ಸೇರಿರಬೇಕು. ಹಿಡಿ ಕಂಬಿಗೆ ಅಂಟಿಕೊಂಡಿರಬೇಕು, ಸಂದಿನಲ್ಲಿ ಉಗುರು ಕೂಡ ಹೋಗಬಾರದು. ಕೀ ಹೊರಗೆ ಬಂದಿರಬೇಕು. ಆಮೇಲೆ ಬಾಲನ್ನು ಎರಡೂ ಕೈಯಲ್ಲಿ ಹಿಡಿದು, ಕಾರು ಅಲ್ಲಾಡುವಷ್ಟು ಜೋರಾಗಿ ಕೆಳಗೆ ಒತ್ತಿ, ಮೇಲೆ ಎತ್ತಿ, ಪಕ್ಕಕ್ಕೆ ಜಗ್ಗಿ. ಇವುಗಳಲ್ಲಿ ಒಂದು ಸರಿಯಿಲ್ಲ ಅಂದರೂ ಟ್ರೇಲರ್ ಕಟ್ಟಬೇಡಿ. ರಜೆ ಒಂದು ದಿನ ತಡವಾದರೂ ಪರವಾಗಿಲ್ಲ.

ಓಡುವಾಗ ಗಡಗಡ ಸದ್ದು

ಸದ್ದು ಬರುವ ಜಾಗಗಳು ಮೂರು: ಬಾಲ್ ಮತ್ತು ಅದನ್ನು ಕಚ್ಚಿ ಹಿಡಿಯುವ ಟ್ರೇಲರ್ ತಲೆಯ ನಡುವೆ, ಕಂಬಿ ಮತ್ತು ಕೊಳವೆಯ ನಡುವೆ, ಟೋಬಾರ್ ಮತ್ತು ಕಾರಿನ ಚಾಸಿಯ ನಡುವೆ. ಕಿವಿಯಿಂದ ಇದು ಗೊತ್ತಾಗುವುದಿಲ್ಲ, ಬೆರಳಿನಿಂದ ಗೊತ್ತಾಗುತ್ತದೆ. ಟ್ರೇಲರ್ ಕಟ್ಟಿ, ಕಾರಿನ ಹ್ಯಾಂಡ್‌ಬ್ರೇಕ್ ಹಾಕಿ, ಒಬ್ಬರಿಗೆ ಟ್ರೇಲರನ್ನು ಹಿಂದೆ ಮುಂದೆ ಜಗ್ಗಲು ಹೇಳಿ. ನೀವು ಬೆರಳನ್ನು ಎರಡು ಭಾಗ ಸೇರುವ ಗೆರೆಯ ಮೇಲೆ, ಅರ್ಧ ಇತ್ತ ಅರ್ಧ ಅತ್ತ ಬರುವ ಹಾಗೆ ಒತ್ತಿ ಹಿಡಿಯಿರಿ. ಕಣ್ಣಿಗೆ ಕಾಣದ ಅಲುಗಾಟ ಬೆರಳ ತುದಿಗೆ ತಕ್ಷಣ ತಿಳಿಯುತ್ತದೆ. ಮೂರೂ ಜಾಗದಲ್ಲಿ ಹೀಗೇ ನೋಡಿ.

ಬಾಲ್ ಹತ್ತಿರ ಅಲುಗಾಡಿದರೆ ವರ್ನಿಯರ್ ಕ್ಯಾಲಿಪರ್ ಹಿಡಿದು ಎರಡು ಮೂರು ಕಡೆ ಅಳೆಯಿರಿ. ಸವೆದು 49 ಮಿ.ಮೀ.ಗೆ ಬಂದಿದ್ದರೆ ಅದರ ಕೆಲಸ ಮುಗಿಯಿತು, ಹೊಸದು ತರಿಸಿ. ಕೊಳವೆಯ ಹತ್ತಿರ ಅಲುಗಾಡಿದರೆ ಮೇಲೆ ಹೇಳಿದ ಹಾಗೆ ಚೊಕ್ಕಟ ಮಾಡಿ ಮತ್ತೆ ನೋಡಿ. ಆಗಲೂ ಆಡುತ್ತಿದ್ದರೆ ಅದನ್ನು ಮನೆಯಲ್ಲಿ ಸರಿಮಾಡಲು ಹೋಗಬೇಡಿ. ಚಾಸಿಯ ಹತ್ತಿರ ಆಡುತ್ತಿದ್ದರೆ ಬೋಲ್ಟ್ ಸಡಿಲವಾಗಿದೆ. ಎಷ್ಟೋ ಸಲ ಇದಕ್ಕೆ ಕಾರಣ, ಟೋಬಾರ್ ಕೂರುವ ಜಾಗದಲ್ಲಿ ಕಾರಿನ ಅಡಿಗೆ ಬಳಿದ ಮೇಣದಂಥ ಪದರವನ್ನು ಕೆರೆದು ತೆಗೆಯದೆ ಬೋಲ್ಟ್ ಬಿಗಿದಿರುವುದು. ಆ ಪದರ ಮೆಲ್ಲಗೆ ಹಿಂಡಿ ಹೊರಗೆ ಬರುತ್ತದೆ, ಬಿಗಿ ಹೋಗುತ್ತದೆ. ಬರೀ ಮತ್ತೆ ಬಿಗಿದರೆ ಸಾಲದು. ಬಿಚ್ಚಿ, ಬರಿ ಲೋಹ ಕಾಣುವಂತೆ ಕೆರೆದು, ತುಕ್ಕು ತಡೆಯುವ ಪ್ರೈಮರ್ ಹಚ್ಚಿ, ಫಿಟ್ಟಿಂಗ್ ಹಾಳೆಯಲ್ಲಿ ಹೇಳಿದ ಲೆಕ್ಕಕ್ಕೆ ಟಾರ್ಕ್ ರೆಂಚ್‌ನಲ್ಲಿ ಬಿಗಿಯಬೇಕು. ಹೊಸ ಟೋಬಾರ್ ಆದರೆ ಮೊದಲ 1,000 ಕಿ.ಮೀ. ಎಳೆದ ಮೇಲೆ ಬೋಲ್ಟ್‌ಗಳನ್ನು ಮತ್ತೊಮ್ಮೆ ನೋಡಬೇಕು.

ದೀಪಗಳು ಹುಚ್ಚೆದ್ದಿವೆ

ಇದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ಜಾಸ್ತಿ ಹೊತ್ತು ತಿನ್ನುವುದು ಇದೇ.

ಮೊದಲು ಪ್ಲಗ್. ಈಗಿನ 13 ಪಿನ್ನಿನ ಪ್ಲಗ್ಗನ್ನು ತಳ್ಳಿದರಷ್ಟೇ ಸಾಲದು, ಕಾಲು ಸುತ್ತು ತಿರುಗಿಸಿ ಕೂರಿಸಬೇಕು. ಅರ್ಧ ತಿರುಗಿದ್ದರೆ ಕೆಲವು ದೀಪ ಉರಿಯುತ್ತವೆ, ಕೆಲವು ಉರಿಯುವುದಿಲ್ಲ. ಹಳೆ 7 ಪಿನ್ನಿನ ಟ್ರೇಲರಿಗೆ ಅಡಾಪ್ಟರ್ ಹಾಕಿದ್ದರೆ ಅದನ್ನು ಬೇರೆ ಅಡಾಪ್ಟರ್‌ನಲ್ಲಿ ಒಮ್ಮೆ ಬದಲಿಸಿ ನೋಡಿ. ವರ್ಷಪೂರ್ತಿ ಸಾಕೆಟ್‌ನಲ್ಲೇ ಬಿಟ್ಟ ಅಡಾಪ್ಟರ್ ನೀರು ಕುಡಿದಿರುತ್ತದೆ.

ಅದು ಸರಿ ಇದ್ದರೆ ತಪ್ಪು ಕಾರಿನದೋ ಟ್ರೇಲರಿನದೋ ಅಂತ ಬೇರೆ ಮಾಡಿ. ಪಕ್ಕದ ಮನೆಯವರ ಟ್ರೇಲರ್ ಸಿಕ್ಕರೆ ಕಟ್ಟಿ ನೋಡಿ. ಸಿಗದಿದ್ದರೆ 21 ವ್ಯಾಟಿನ ಇಂಡಿಕೇಟರ್ ಬಲ್ಬ್ ಒಂದನ್ನು ಹೋಲ್ಡರ್‌ಗೆ ಹಾಕಿ ಎರಡು ವಯರ್ ಕಟ್ಟಿಕೊಂಡು, ಟ್ರೇಲರ್ ದೀಪದ ಬದಲು ಅದನ್ನೇ ಕಾರಿನ ಸಾಕೆಟ್ಟಿಗೆ ಹಿಡಿದು ನೋಡಿ. ನನ್ನ ಪ್ರಕಾರ ಟೋಬಾರ್ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಮಲ್ಟಿಮೀಟರ್ ಒಂದನ್ನೇ ನಂಬಿದರೆ ಎರಡು ಕಡೆ ಮೋಸ ಹೋಗುತ್ತೀರಿ. ಈಗಿನ ಕಾರುಗಳಲ್ಲಿ ಟ್ರೇಲರ್ ಮಾಡ್ಯೂಲ್ (ಟ್ರೇಲರ್ ದೀಪಗಳಿಗೆ ಕರೆಂಟ್ ಬಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸಾಕೆಟ್‌ಗೆ ಬಲ್ಬ್ ಸೇರಿದೆಯೋ ಇಲ್ಲವೋ ಅಂತ ಚಿಕ್ಕ ಚಿಕ್ಕ ಮಿಡಿತ ಕಳಿಸಿ ನೋಡುತ್ತಿರುತ್ತದೆ. ಏನೂ ಸೇರಿಲ್ಲ ಅನಿಸಿದರೆ ಕರೆಂಟನ್ನೇ ಬಿಡುವುದಿಲ್ಲ. ಮೀಟರ್ ಹೊರೆ ಅಲ್ಲ, ಹಾಗಾಗಿ ಸೊನ್ನೆಯನ್ನೋ ಅರ್ಥವಿಲ್ಲದ ಅಂಕಿಯನ್ನೋ ತೋರಿಸುತ್ತದೆ. ಮಾಡ್ಯೂಲ್ ಸರಿಯಾಗೇ ಇರುತ್ತದೆ, ಜನ ಅದನ್ನು ಬದಲಿಸುತ್ತಾರೆ. ಇನ್ನೊಂದು ಮೋಸ ಇದರ ಉಲ್ಟಾ. ಅದನ್ನು ಒಂದು ನಿಜವಾದ ಕೇಸಿನಲ್ಲೇ ಹೇಳುತ್ತೇನೆ.

ಗೆಳೆಯರೊಬ್ಬರ ಎಸ್ಟೇಟ್ ಕಾರು. ಟ್ರೇಲರ್ ಕಟ್ಟಿ ಪಾರ್ಕಿಂಗ್ ಲೈಟ್ ಹಾಕಿದರೆ ಎಲ್ಲ ಸರಿ. ಬ್ರೇಕ್ ಒತ್ತಿ ಇಂಡಿಕೇಟರ್ ಹಾಕಿದರೆ ಎಲ್ಲ ದೀಪಗಳೂ ಮಂಕಾಗಿ, ಇಂಡಿಕೇಟರ್ ಜೊತೆ ಪಾರ್ಕಿಂಗ್ ಲೈಟೂ ಮಿನುಗುತ್ತಿತ್ತು. ಅವರು ಎಲ್ಲ ಪಿನ್ ಅಳೆದಿದ್ದರು. "ಮೀಟರ್ ಹನ್ನೆರಡೂವರೆ ತೋರಿಸ್ತಿದೆ ಗುರು, ಮತ್ಯಾಕೆ ಹಿಂಗೆ ಆಡ್ತಿದೆ?" ಅಂತ ಕೇಳಿದರು.

ಇದು ಅರ್ತ್, ಅಂದರೆ ಕರೆಂಟ್ ಕಾರಿನ ಲೋಹದ ಮೈಗೆ ವಾಪಸ್ ಹೋಗುವ ದಾರಿ, ಕೆಟ್ಟಿರುವ ಲಕ್ಷಣ. ಒಳ್ಳೆಯ ಅರ್ತ್ ಇಲ್ಲದಿದ್ದರೆ ಕರೆಂಟ್ ವಾಪಸ್ ಹೋಗಲು ಬೇರೆ ಬಲ್ಬ್‌ಗಳ ಮೂಲಕ ದಾರಿ ಹುಡುಕುತ್ತದೆ, ಅದಕ್ಕೇ ಸಂಬಂಧವಿಲ್ಲದ ದೀಪ ಮಿನುಗುವುದು. ಲೆಕ್ಕ ಹಾಕಿ ನೋಡಿ. ಎರಡು ಬ್ರೇಕ್ ಬಲ್ಬ್ 42 ವ್ಯಾಟ್, ಒಂದು ಇಂಡಿಕೇಟರ್ 21, ಪಾರ್ಕಿಂಗ್ ಮತ್ತು ನಂಬರ್ ಪ್ಲೇಟ್ ಬಲ್ಬ್‌ಗಳು 20. ಒಟ್ಟು 83 ವ್ಯಾಟ್, ಅಂದರೆ ಹತ್ತಿರ ಹತ್ತಿರ 7 ಆಂಪಿಯರ್. ಇಷ್ಟೂ ವಾಪಸ್ ಹೋಗುವುದು 3ನೇ ಪಿನ್ನಿನ ಒಂದೇ ಅರ್ತ್ ವಯರಿನಲ್ಲಿ. ಅಲ್ಲಿ 0.3 ಓಮ್ ಅಡ್ಡಿ ಇದ್ದರೂ 2 ವೋಲ್ಟ್ ಅಲ್ಲೇ ಹೋಯಿತು. ಒಂದೇ ಒಂದು 5 ವ್ಯಾಟ್ ಬಲ್ಬ್ ಉರಿಯುವಾಗ ಅದೇ ಅಡ್ಡಿಯಲ್ಲಿ ಹೋಗುವುದು 0.12 ವೋಲ್ಟ್ ಮಾತ್ರ, ಯಾರಿಗೂ ಗೊತ್ತಾಗುವುದಿಲ್ಲ. ಮೀಟರ್ ಅಂತೂ ಕರೆಂಟನ್ನೇ ಎಳೆಯುವುದಿಲ್ಲ, ಅದಕ್ಕೆ ಹನ್ನೆರಡೂವರೆ ಕಾಣದೆ ಇನ್ನೇನು?

ಅಳೆಯುವ ರೀತಿ ಇದು. ಸಾಕೆಟ್ಟಿನ ತಿರುಪು ಬಿಚ್ಚಿ, ಹಿಂದಿನ ರಬ್ಬರ್ ಸರಿಸಿ, ಟ್ರೇಲರ್ ಪ್ಲಗ್ ಹಾಕಿಯೇ ಇಡಿ. ಪಾರ್ಕಿಂಗ್ ಲೈಟ್, ಇಂಡಿಕೇಟರ್ ಹಾಕಿ, ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ. ಮೀಟರಿನ ಕಪ್ಪು ಕಡ್ಡಿಯನ್ನು ಡಿಕ್ಕಿಯೊಳಗೆ ಬಣ್ಣವಿಲ್ಲದ ಬರಿ ಲೋಹಕ್ಕೆ, ಕೆಂಪನ್ನು 3ನೇ ಪಿನ್ನಿನ ಬೆನ್ನಿಗೆ ಇಡಿ. 0.2 ವೋಲ್ಟ್ ಒಳಗೆ ಇದ್ದರೆ ಅರ್ತ್ ಚೆನ್ನಾಗಿದೆ. ಗೆಳೆಯರ ಕಾರಿನಲ್ಲಿ ಇಂಡಿಕೇಟರ್ ಮಿಡಿದಾಗಲೆಲ್ಲ ಅಂಕಿ ಎರಡು ವೋಲ್ಟ್ ದಾಟಿ ಹಾರುತ್ತಿತ್ತು. ವಯರ್ ಹಿಡಿದುಕೊಂಡು ಹೋದರೆ ಬಲಗಡೆ ದೀಪದ ಹಿಂದೆ, ಬಣ್ಣದ ಮೇಲೆಯೇ ಸ್ಕ್ರೂ ಹೊಡೆದು ಅರ್ತ್ ಕೊಟ್ಟಿದ್ದರು. ಸ್ಕ್ರೂ ತೆಗೆದಾಗ ವಯರಿನ ಉಂಗುರದ ತುಂಬ ಹಸಿರು ಕಿಲುಬು, ಅಡಿಯಲ್ಲಿ ತುಕ್ಕಿನ ಕೆಂಪು ಉಂಗುರ. ಉಜ್ಜಿ, ಕಾರಿನದೇ ಅರ್ತ್ ಬೋಲ್ಟ್‌ಗೆ ಹೊಸ ಉಂಗುರ ಹಾಕಿ ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚಿದ ಮೇಲೆ ಅಂಕಿ 0.1ರ ಕೆಳಗೆ ಬಂತು. ದೀಪಗಳೂ ಸರಿಯಾದವು.

ಪಿನ್ ಸಂಖ್ಯೆ ಗೊತ್ತಿರಲಿ. 1 ಎಡ ಇಂಡಿಕೇಟರ್, 2 ಫಾಗ್, 3 ಅರ್ತ್, 4 ಬಲ ಇಂಡಿಕೇಟರ್, 5 ಬಲ ಪಾರ್ಕಿಂಗ್, 6 ಬ್ರೇಕ್, 7 ಎಡ ಪಾರ್ಕಿಂಗ್. ಇಷ್ಟು 7 ಪಿನ್ನಿಗೂ 13 ಪಿನ್ನಿಗೂ ಒಂದೇ. 13ರಲ್ಲಿ ಮುಂದುವರಿದು 8 ರಿವರ್ಸ್ ಲೈಟ್, 9 ಯಾವಾಗಲೂ ಇರುವ 12 ವೋಲ್ಟ್, 10 ಎಂಜಿನ್ ಓಡುವಾಗ ಬರುವ ಚಾರ್ಜಿಂಗ್, 11 ಹತ್ತರ ಅರ್ತ್, 13 ಒಂಬತ್ತರ ಅರ್ತ್. ಸಂಖ್ಯೆ ಸಾಕೆಟ್ಟಿನ ಮೇಲೇ ಅಚ್ಚಾಗಿರುತ್ತದೆ, ಅದನ್ನೇ ನಂಬಿ. ವಯರಿನ ಬಣ್ಣ ನಂಬಬೇಡಿ, ಕಿಟ್‌ನಿಂದ ಕಿಟ್‌ಗೆ ಅದು ಬದಲಾಗುತ್ತದೆ. ಕ್ಯಾರವಾನಿನ (ಒಳಗೆ ವಾಸ ಮಾಡಬಹುದಾದ ಟ್ರೇಲರ್) ಫ್ರಿಜ್ ಓಡುವುದಿಲ್ಲ ಅಂದರೆ 9 ಮತ್ತು 10ನೇ ಪಿನ್ನಿಗೆ ವಯರ್ ಎಳೆದೇ ಇದೆಯಾ ಅಂತ ಮೊದಲು ನೋಡಿ. ಸೈಕಲ್ ಕ್ಯಾರಿಯರ್‌ಗೆ ಅಂತ ಅಗ್ಗದಲ್ಲಿ ಹಾಕಿಸಿದ ಎಷ್ಟೋ ಕಿಟ್‌ಗಳಲ್ಲಿ ಅವು ಖಾಲಿ ಇರುತ್ತವೆ.

ಉಳಿದವು ಬೇಗ ಮುಗಿಯುತ್ತವೆ. ಎಲ್ಲ ದೀಪವೂ ಸತ್ತಿದ್ದರೆ ಫ್ಯೂಸ್ ನೋಡಿ, ಆಮೇಲೆ ಮಾಡ್ಯೂಲ್‌ಗೆ ಬರುವ ಬ್ಯಾಟರಿ ವಯರ್ ನೋಡಿ. ಟ್ರೇಲರಿಗೆ ಎಲ್‌ಇಡಿ ದೀಪ ಹಾಕಿದ ಮೇಲೆ "ಬಲ್ಬ್ ಹೋಗಿದೆ" ಅಂತ ಡ್ಯಾಶ್‌ಬೋರ್ಡ್ ಹೇಳಿದರೆ, ಎಲ್‌ಇಡಿ ಎಳೆಯುವ ಕರೆಂಟ್ ಮಾಡ್ಯೂಲ್‌ಗೆ ಸಾಲುತ್ತಿಲ್ಲ. ಅದಕ್ಕೆಂದೇ ಹೊರೆ ಕೊಡುವ ರೆಸಿಸ್ಟರ್ ಸಿಗುತ್ತದೆ, ಬಿಸಿಯಾಗುತ್ತದೆ, ಲೋಹಕ್ಕೆ ತಿರುಪು ಹಾಕಿ ಕೂರಿಸಿ. ಟ್ರೇಲರ್ ದೀಪ ಪಟಪಟ ಅಂತ ನಡುಗಿದರೆ, ಹೊಸ ಕಾರಿಗೆ ಹಳೆ ಬಗೆಯ ಬೈಪಾಸ್ ರಿಲೇ (ಕಾರಿನ ದೀಪದ ವಯರಿನಿಂದ ಸುಳಿವು ತೆಗೆದುಕೊಂಡು ಟ್ರೇಲರ್ ದೀಪ ಉರಿಸುವ ಪೆಟ್ಟಿಗೆ) ಹಾಕಿರಬಹುದು. ಎಷ್ಟೋ ಹೊಸ ಕಾರುಗಳು ಒಂದೇ ದೀಪವನ್ನು ಬೇಗ ಬೇಗ ಆರಿಸಿ ಉರಿಸಿ ಮಂಕು ಮಾಡುತ್ತವೆ. ಹಳೆ ರಿಲೇಗೆ ಅದು ಅರ್ಥವಾಗುವುದಿಲ್ಲ.

ದೀಪ ಉರಿಯುತ್ತದೆ, ಆದರೆ ಕಾರಿಗೆ ಟ್ರೇಲರ್ ಇರುವುದೇ ಗೊತ್ತಿಲ್ಲ

ಇದು ಕಣ್ಣಿಗೆ ಬೀಳದ ದೋಷ, ಹಾಗಾಗಿ ನನಗೆ ಇದರದೇ ಜಾಸ್ತಿ ಚಿಂತೆ. ಟ್ರೇಲರ್ ತೂಗಾಡಲು ಶುರುವಾದಾಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಅದನ್ನು ಹಿಡಿತಕ್ಕೆ ತರುವ ವ್ಯವಸ್ಥೆ ಈಗಿನ ತುಂಬಾ ಕಾರುಗಳಲ್ಲಿದೆ. ಆದರೆ ಟೋಬಾರ್ ಇದೆ ಅಂತ ಕಾರಿನ ಕಂಪ್ಯೂಟರಿಗೆ ಕೋಡಿಂಗ್ ಮಾಡಿ ಹೇಳದಿದ್ದರೆ ಅದು ಎಚ್ಚರವಾಗುವುದೇ ಇಲ್ಲ. ದೀಪಗಳು ಮಾತ್ರ ಚೆನ್ನಾಗಿ ಉರಿಯುತ್ತಿರುತ್ತವೆ.

ಪತ್ತೆ ಮಾಡಲು ಟ್ರೇಲರ್ ಪ್ಲಗ್ ಹಾಕಿ ರಿವರ್ಸ್ ಗೇರ್ ಹಾಕಿ. ಹಿಂದಿನ ಪಾರ್ಕಿಂಗ್ ಸೆನ್ಸರ್ ಸುಮ್ಮನಿರಬೇಕು. ಕೂಗಿದರೆ ಕಾರಿಗೆ ಟ್ರೇಲರ್ ಕಂಡಿಲ್ಲ. ಫಾಗ್ ಲೈಟ್ ಹಾಕಿ ನೋಡಿ, ತುಂಬಾ ಕಾರುಗಳಲ್ಲಿ ಟ್ರೇಲರಿನದು ಉರಿದು ಕಾರಿನದು ಆರಬೇಕು. ಇವು ಆಗದಿದ್ದರೆ ಹಾಕಿದವರ ಹತ್ತಿರ ವಾಪಸ್ ಹೋಗಿ ಕೋಡಿಂಗ್ ಮಾಡಿಸಿ. ಆ ಕಾರಿಗೆಂದೇ ಮಾಡಿದ ವಯರಿಂಗ್ ಕಿಟ್ ಬದಲು ಬೈಪಾಸ್ ರಿಲೇ ಹಾಕಿದ್ದರೆ ಕೋಡಿಂಗ್ ಮಾಡಲು ಅಲ್ಲಿ ಏನೂ ಇರುವುದಿಲ್ಲ. ಟ್ರೇಲರ್ ಇಲ್ಲದೆ ಬರಿ ಬಾಲ್ ಇದ್ದಾಗ ಸೆನ್ಸರ್ ಕೂಗಿದರೆ ಅದು ದೋಷವಲ್ಲ, ಬಾಲನ್ನೇ ಅದು ನೋಡುತ್ತಿದೆ. ತೆಗೆದಿಡಿ, ಅದಕ್ಕೇ ತಾನೇ ಈ ಬಗೆ ತೆಗೆದುಕೊಂಡಿದ್ದು? ಬಾಲ್ ನಂಬರ್ ಪ್ಲೇಟಿಗೆ ಅಡ್ಡ ಬರುತ್ತಿದ್ದರಂತೂ ಎಳೆಯದಿದ್ದಾಗ ತೆಗೆಯಲೇಬೇಕು, ಇಲ್ಲಿನ ಕಾನೂನು.

ಡಿಕ್ಕಿಯಲ್ಲಿ ನೀರು, ಬೆಳಗ್ಗೆ ಸತ್ತ ಬ್ಯಾಟರಿ

ಟೋಬಾರ್ ಹಾಕಿಸಿದ ಮೇಲೆ ಕಾರಿನೊಳಗೆ ಮುಗ್ಗಲು ವಾಸನೆ, ಗಾಜಿನ ಒಳಗೆ ಮಂಜು ಬಂದರೆ ಸ್ಟೆಪ್ನಿ ಗುಂಡಿಗೆ ಕೈ ಹಾಕಿ ನೋಡಿ. ವಯರ್ ಹಾಯಿಸಲು ಕೊರೆದ ತೂತಿನ ರಬ್ಬರ್ ಸರಿಯಾಗಿ ಕೂತಿರುವುದಿಲ್ಲ. ಒಬ್ಬರು ಹೊರಗಿನಿಂದ ಮೆಲ್ಲಗೆ ನೀರು ಬಿಡಲಿ, ನೀವು ಒಳಗೆ ಟಾರ್ಚ್ ಹಿಡಿದು ಕೂತಿರಿ. ಮಾಡ್ಯೂಲ್ ಆ ಗುಂಡಿಯ ಪಕ್ಕದಲ್ಲೇ ಇರುವುದರಿಂದ ಇದನ್ನು ಮುಂದೂಡಬೇಡಿ.

ಬ್ಯಾಟರಿ ರಾತ್ರೋರಾತ್ರಿ ಇಳಿಯುತ್ತಿದ್ದರೆ, ಕಾರು ಬೀಗ ಹಾಕಿ ಅರ್ಧ ಗಂಟೆ ಬಿಟ್ಟು ಎಳೆಯುವ ಕರೆಂಟ್ ಅಳೆಯಿರಿ. ಸಾಮಾನ್ಯವಾಗಿ 50 ಮಿಲಿಆಂಪಿಯರ್ ಒಳಗಿರಬೇಕು. ಜಾಸ್ತಿ ಇದ್ದು, ಟೋಬಾರ್ ಫ್ಯೂಸ್ ತೆಗೆದ ಕೂಡಲೇ ಇಳಿದರೆ ಮಾಡ್ಯೂಲ್ ಮಲಗುತ್ತಿಲ್ಲ. ಮೀಟರ್ ಸಾಲಿನಲ್ಲಿ ಇರುವಾಗ ಕಾರು ಸ್ಟಾರ್ಟ್ ಮಾಡಬೇಡಿ.

ಕೊಳ್ಳುವಾಗಲೇ ಬಂದ ದೋಷ

ಕೆಲವು ತೊಂದರೆಗೆ ಸ್ಪ್ಯಾನರ್‌ನಲ್ಲಿ ಪರಿಹಾರವಿಲ್ಲ. ಹಿಂಭಾಗ ಕುಸಿಯುತ್ತದೆ, ಟ್ರೇಲರ್ ತೂಗುತ್ತದೆ ಅಂದರೆ ತೂಕದ ಲೆಕ್ಕಕ್ಕೆ ಬನ್ನಿ. ಕಾರಿನ ಮೇಲಿರುವ ತೂಕದ ಫಲಕದ ಮೊದಲ ಸಾಲು ಕಾರಿನ ಒಟ್ಟು ತೂಕ, ಎರಡನೆಯದು ಕಾರು ಮತ್ತು ಟ್ರೇಲರ್ ಸೇರಿದ ತೂಕ. 2,000 ಮತ್ತು 3,500 ಕೆಜಿ ಅಂತಿದ್ದರೆ, ಕಾರು ತುಂಬಿದಾಗ ಟ್ರೇಲರಿಗೆ ಉಳಿಯುವುದು 1,500. ಎರಡನೇ ಸಾಲೇ ಇಲ್ಲದಿದ್ದರೆ ಆ ಕಾರು ಎಳೆಯಲು ಅಲ್ಲ. ಕೆಲವು ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳು ಹೀಗಿವೆ, ಕೊಳ್ಳುವ ಮೊದಲೇ ನೋಡಿ.

ಟೋಬಾರಿನ ಫಲಕದಲ್ಲಿ ಡಿ ಮತ್ತು ಎಸ್ ಅಂತ ಎರಡು ಅಂಕಿ ಇರುತ್ತವೆ. ಡಿ ಎಳೆಯುವ ಬಲ. ಕಾರಿನ ತೂಕ, ಟ್ರೇಲರಿನ ತೂಕ, ಎರಡನ್ನೂ ಟನ್ನಿನಲ್ಲಿ ಗುಣಿಸಿ, ಅವುಗಳ ಮೊತ್ತದಿಂದ ಭಾಗಿಸಿ, 9.81ರಿಂದ ಗುಣಿಸಬೇಕು. 2 ಮತ್ತು 1.5 ಟನ್ನಿಗೆ ಅದು 8.4 ಕಿಲೋನ್ಯೂಟನ್. ಫಲಕದ ಅಂಕಿ ಇದಕ್ಕಿಂತ ಕಡಿಮೆ ಇರಬಾರದು. ಎಸ್ ಅಂದರೆ ಬಾಲ್ ಮೇಲೆ ಕೂರಬಹುದಾದ ತೂಕ. ಸೈಕಲ್ ಒಯ್ಯುವವರಿಗೆ ಮುಖ್ಯ ಇದೇ. 25 ಕೆಜಿಯ ಎರಡು ಎಲೆಕ್ಟ್ರಿಕ್ ಸೈಕಲ್, 20 ಕೆಜಿಯ ಕ್ಯಾರಿಯರ್ ಸೇರಿದರೆ 70 ಆಯಿತು. 75ರ ಬಾಲ್ ಆದರೆ ಮಗುವಿನ ಸೈಕಲ್ಲನ್ನು ಕಾರಿನೊಳಗೇ ಇಡಿ. ಕಾರಿನ ಮಿತಿ, ಟೋಬಾರಿನ ಮಿತಿ, ಎರಡರಲ್ಲಿ ಕಡಿಮೆಯದೇ ನಿಮ್ಮ ಮಿತಿ.

1998ರ ಆಗಸ್ಟ್ 1ರಿಂದ ಈಚೆಗೆ ನೋಂದಣಿಯಾದ ಕಾರಿಗೆ ಬ್ರಿಟನ್ನಿನಲ್ಲಿ ಟೈಪ್ ಅಪ್ರೂವಲ್ (ಪರೀಕ್ಷೆ ಮಾಡಿ ಕೊಟ್ಟ ಅಧಿಕೃತ ಒಪ್ಪಿಗೆ) ಇರುವ ಟೋಬಾರೇ ಆಗಬೇಕು. 2021ರ ಡಿಸೆಂಬರ್ 16ರಿಂದ ಸಾಮಾನ್ಯ ಕಾರ್ ಲೈಸೆನ್ಸ್‌ನಲ್ಲೇ 3,500 ಕೆಜಿ ತನಕದ ಟ್ರೇಲರ್ ಎಳೆಯಬಹುದು. ಲೈಸೆನ್ಸ್ ಅಷ್ಟು ಬಿಟ್ಟರೂ ನಿಮ್ಮ ಕಾರು ಬಿಡುತ್ತದೆ ಅಂತಲ್ಲ.

ಕ್ಯಾರವಾನಿನ ತಲೆಯಲ್ಲಿ ತೂಗಾಟ ತಡೆಯುವ ಘರ್ಷಣೆ ಪಟ್ಟಿ ಇದ್ದರೆ ಬಾಲ್ ಮೇಲೆ ಗ್ರೀಸ್ ಇರಕೂಡದು, ಹೊಸ ಬಾಲಿನ ಬಣ್ಣವನ್ನೂ ಉಜ್ಜಿ ತೆಗೆಯಬೇಕು. ಕೀರಲು ಸದ್ದು ಬಂತು ಅಂತ ಗ್ರೀಸ್ ಹಚ್ಚಿದರೆ ಆ ಪಟ್ಟಿ ಹಾಳಾಯಿತು ಅಂತಲೇ ಲೆಕ್ಕ.

ಹಾಕಿಸಿ ಕಾರು ವಾಪಸ್ ತೆಗೆದುಕೊಳ್ಳುವಾಗ ಫಿಟ್ಟರ್ ಎದುರೇ ಬಾಲನ್ನು ನೀವೇ ಹಾಕಿ, ನೀವೇ ತೆಗೆಯಿರಿ. ಟ್ರೇಲರನ್ನೂ ಒಯ್ದು ಎಲ್ಲ ದೀಪಗಳನ್ನು ಒಟ್ಟಿಗೆ ಉರಿಸಿ ನೋಡಿ. ಫಿಟ್ಟಿಂಗ್ ಹಾಳೆ ಕೇಳಿ ತೆಗೆದುಕೊಳ್ಳಿ, ವಿಮೆ ಕಂಪನಿಗೆ ತಿಳಿಸಿ. ಕೀಯ ಮೇಲಿರುವ ಸಂಖ್ಯೆಯನ್ನು ಫೋನಿನಲ್ಲಿ ಫೋಟೋ ಹಿಡಿದಿಡಿ. ಕೀ ಕಳೆದರೆ ಹೊಸದನ್ನು ಆ ಸಂಖ್ಯೆ ಹೇಳಿಯೇ ತರಿಸಬೇಕು.